ಆಗಿನ ಸಿನಿಮಾ, ಈಗಿನ ಸಿನಿಮಾ

ನನ್ನ ಊರು ಗಾಜನೂರು ಎಂದು ಹೇಳಿದ ಕೂಡಲೇ ಯಾರಾದರೊಬ್ಬರು ‘ಓ, ರಾಜ್‌ಕುಮಾರ್ ಊರಾ?’ ಎಂದು ಕೇಳುತ್ತಾರೆ. ಅಲ್ಲ. ಅಣ್ಣಾವ್ರ ಗಾಜನೂರು ಇರುವುದು ತಾಳವಾಡಿಯ ಹತ್ತಿರ, ಇವತ್ತಿನ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ನಮ್ಮದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ, ತುಂಗಾ ಅಣೆಕಟ್ಟಿನ ಗಾಜನೂರು. ಸಕ್ರೆಬೈಲಿಗೆ ಆನೆ ನೋಡಲು ಹೋಗುವವರು ಕಿಟಕಿಯಿಂದ ನಮ್ಮ ಊರನ್ನು ನೋಡಿರುತ್ತಾರೆ, ಅಷ್ಟೇ. ಆದರೂ ಆ ಹೆಸರಿನ ದೆಸೆಯಿಂದ ಹೊಸಬರು ನನ್ನ ಜೊತೆ ಮಾತು ಶುರು ಮಾಡುವುದೇ ಸಿನಿಮಾದಿಂದ. ಮುಗಿಯುವುದು ಮಾತ್ರ ಯಾವಾಗಲೂ ಒಂದೇ ವಾಕ್ಯದಲ್ಲಿ: ‘ಆ ಕಾಲದ ಪಿಕ್ಚರ್ ಈಗೆಲ್ಲಿ ಬರ್ತಾವೆ?’

ಈ ವರ್ಷ ನಮ್ಮ ತರಗತಿಯ ಚರ್ಚಾಸ್ಪರ್ಧೆಗೂ ಇದೇ ವಿಷಯ ಬಂತು. ಚೀಟಿ ಎತ್ತಿದಾಗ ನನಗೆ ‘ಹಳೆಯದೇ ಚೆನ್ನ’ ಎಂಬ ಪಕ್ಷ ಸಿಕ್ಕಿತು. ನಾನು ‘ಬಂಗಾರದ ಮನುಷ್ಯ’, ‘ನಾಗರಹಾವು’, ‘ಮುಘಲ್-ಎ-ಆಜಮ್’ ಎಂದೆ. ಎದುರಿನವರು ‘ಕೆಜಿಎಫ್’, ‘ಕಾಂತಾರ’, ‘777 ಚಾರ್ಲಿ’ ಎಂದರು. ಹದಿನೈದು ನಿಮಿಷ ಹೆಸರಿಗೆ ಹೆಸರು ಎಸೆದು ಕುಳಿತೆವು. ಚಪ್ಪಾಳೆ ಎರಡು ಕಡೆಗೂ ಬಿತ್ತು. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಯೋಚಿಸಿದರೆ, ಇಬ್ಬರೂ ಲೆಕ್ಕವನ್ನೇ ತಪ್ಪು ಹಿಡಿದಿದ್ದೆವು ಅನ್ನಿಸಿತು. ಈ ಲೇಖನ ಆ ಲೆಕ್ಕವನ್ನು ತಿದ್ದಿ ಬರೆಯುವ ಪ್ರಯತ್ನ.

ಮೊದಲ ತಪ್ಪು ನಮ್ಮ ಸಂಖ್ಯಾಶಾಸ್ತ್ರದ ಪುಸ್ತಕದಲ್ಲೇ ಇದೆ. ಒಂದು ಊರಿನ ಜನರ ಸರಾಸರಿ ಎತ್ತರ ಬೇಕೆಂದರೆ ಬರೀ ವಾಲಿಬಾಲ್ ತಂಡದವರನ್ನು ಅಳೆಯಬಾರದು. ಹಳೆಯ ಸಿನಿಮಾ ಎಂದಾಗ ನಾವು ಅಳೆಯುವುದು ಬರೀ ವಾಲಿಬಾಲ್ ತಂಡವನ್ನು. ಐವತ್ತು ವರ್ಷ ಜನ ಮತ್ತೆ ಮತ್ತೆ ನೋಡಿ, ಚಂದನ ವಾಹಿನಿ ಮತ್ತೆ ಮತ್ತೆ ಹಾಕಿ, ಅಪ್ಪ ಅಮ್ಮ ಹೆಸರು ಹೇಳಿ ಹೇಳಿ ಉಳಿದದ್ದು ಮಾತ್ರ ನಮ್ಮ ತನಕ ಬಂದಿದೆ. ಈಗಿನದು ಹಾಗಲ್ಲ. ಈ ಶುಕ್ರವಾರ ಬಂದ ಒಳ್ಳೆಯದು, ಕೆಟ್ಟದ್ದು, ಹತ್ತು ನಿಮಿಷ ಕೂರಲಾಗದ್ದು, ಎಲ್ಲವೂ ಒಟ್ಟಿಗೆ ನಮ್ಮ ಮುಂದೆ ಬೀಳುತ್ತದೆ. ಒಂದು ಕಡೆ ಜರಡಿ ಹಿಡಿದ ಅಕ್ಕಿ, ಇನ್ನೊಂದು ಕಡೆ ಕಲ್ಲು ಸಮೇತ ಮೂಟೆ. ಇವೆರಡನ್ನು ತೂಗಿ ಯಾವುದು ಒಳ್ಳೆಯದು ಎಂದರೆ ಏನು ಹೇಳುವುದು?

ಆ ಜರಡಿಯೂ ನ್ಯಾಯವಾದದ್ದೇನಲ್ಲ. ಕನ್ನಡದ ಮೊದಲ ಮಾತನಾಡುವ ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಅದು ಚೆನ್ನಾಗಿತ್ತೋ ಇಲ್ಲವೋ ಇವತ್ತು ಯಾರೂ ನೋಡಿ ಹೇಳಲು ಆಗುವುದಿಲ್ಲ, ಏಕೆಂದರೆ ಅದರ ಪ್ರತಿ ಉಳಿದಿಲ್ಲ. ಆಗಿನ ಫಿಲ್ಮ್ ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುತ್ತಿತ್ತು, ಇಟ್ಟಲ್ಲೇ ಹಾಳಾಗುತ್ತಿತ್ತು. ಫಿಲ್ಮಿನ ಮೇಲಿನ ಬೆಳ್ಳಿಯ ಆಸೆಗೆ ಹಳೆಯ ಪ್ರಿಂಟುಗಳನ್ನು ಕರಗಿಸಿ ಮಾರಿದ್ದೂ ಉಂಟು. ನಮ್ಮ ದೇಶದ ಎಷ್ಟೋ ಚಿತ್ರಗಳು ಹೀಗೆ ಗುಜರಿಗೆ ಹೋದವು. ಹಾಗಾಗಿ ‘ಹಳೆಯ ಸಿನಿಮಾ’ ಎಂದರೆ ಜನಕ್ಕೆ ಇಷ್ಟವಾದದ್ದು ಮಾತ್ರವಲ್ಲ, ಅದೃಷ್ಟಕ್ಕೆ ಉಳಿದದ್ದು ಕೂಡ.

ಹಳಬರು ಎಲ್ಲವನ್ನೂ ಸ್ವಂತವಾಗಿ ಮಾಡುತ್ತಿದ್ದರು, ಈಗಿನವರು ಕದಿಯುತ್ತಾರೆ ಎಂಬ ಮಾತೂ ಪೂರ್ತಿ ನಿಜವಲ್ಲ. ಜೇಮ್ಸ್ ಬಾಂಡ್ ಪ್ರಪಂಚವೆಲ್ಲ ಗೆದ್ದಾಗ ನಮ್ಮಲ್ಲೂ 1968ರಲ್ಲಿ ‘ಜೇಡರ ಬಲೆ’ ಬಂತು. ರಾಜ್‌ಕುಮಾರ್ ಅದರಲ್ಲಿ ಸಿಐಡಿ 999. ಅದು ಓಡಿದ ಮೇಲೆ ಅದೇ 999 ಗೋವಾಕ್ಕೂ ಹೋದ, ಆಪರೇಷನ್ ಜಾಕ್‌ಪಾಟ್‌ಗೂ ಹೋದ. ನನಗೇನೂ ಬೇಸರವಿಲ್ಲ, ನೋಡಲು ಮಜವಾಗಿಯೇ ಇವೆ. ಆದರೆ ಗೆದ್ದದ್ದರ ಹಿಂದೆ ಓಡುವುದು ನಿನ್ನೆ ಮೊನ್ನೆ ಹುಟ್ಟಿದ ಚಾಳಿ ಅಲ್ಲ.

ಇನ್ನೊಂದು ತಮಾಷೆ ಇದೆ. ‘ಆ ಕಾಲ’ ಎಂದರೆ ಯಾವ ಕಾಲ ಎಂದು ನಮ್ಮ ಮನೆಯಲ್ಲೇ ಕೇಳಿದೆ. ನಾನಾಗೆ ಅದು ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ ರಾಜ್‌ಕುಮಾರ್, ಮತ್ತೆ ದಿಲೀಪ್ ಕುಮಾರ್. ಅಬ್ಬಾಗೆ ಅದು ಶಿವಮೊಗ್ಗದ ಮಲ್ಲಿಕಾರ್ಜುನ, ಎಚ್‌ಪಿಸಿ ಥಿಯೇಟರುಗಳ ಕಾಲ, 1995ರ ‘ಓಂ’. ಅಂದರೆ ಯಾರಿಗೇ ಆಗಲಿ ತಾನು ಹದಿನೇಳು ವರ್ಷದವನಾಗಿದ್ದಾಗ ಬಂದದ್ದೇ ಒಳ್ಳೆಯ ಸಿನಿಮಾ. ನನಗೆ ಈಗ ಹದಿನೇಳು. ಇನ್ನು ಮೂವತ್ತು ವರ್ಷ ಕಳೆದ ಮೇಲೆ ನಾನು ಯಾವುದನ್ನು ಹೊಗಳುತ್ತೇನೋ ಎಂದು ಸ್ವಲ್ಪ ಹೆದರಿಕೆಯೇ ಆಗುತ್ತದೆ.

ಅಬ್ಬಾ ಹೇಳುವ ಆ ಕಾಲದ ನಂತರ ಬಂದ ಹಿಟ್‌ಗಳಲ್ಲಿ ಎಷ್ಟೋ ರೀಮೇಕು ಎಂಬುದನ್ನೂ ಹೇಳಬೇಕು. ‘ಹುಚ್ಚ’ ತಮಿಳಿನಿಂದ ಬಂದದ್ದು, ‘ಆಪ್ತಮಿತ್ರ’ದ ಮೂಲ ಮಲಯಾಳ. ಇದಕ್ಕೆ ಒಂದು ವ್ಯಾಪಾರದ ಕಾರಣವಿದೆ, ವಾಣಿಜ್ಯ ವಿಭಾಗದವರು ಗಮನಿಸಬೇಕು. 1960ರ ದಶಕದ ಚಳವಳಿಯ ನಂತರ ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತುಹೋಯಿತು. ಕನ್ನಡ ಚಿತ್ರರಂಗ ಉಳಿಯಲಿ ಎಂಬುದು ಅದರ ಉದ್ದೇಶ. ಆಗ ಅದು ಬೇಕಾಗಿತ್ತು ಎಂದೇ ಹಿರಿಯರು ಹೇಳುತ್ತಾರೆ. ಆದರೆ ಡಬ್ಬಿಂಗ್ ಇಲ್ಲದಿದ್ದಾಗ ಇನ್ನೊಂದು ಭಾಷೆಯಲ್ಲಿ ಗೆದ್ದ ಕಥೆಯನ್ನು ತಂದು ಇಲ್ಲಿಯ ನಟರಿಂದ ಮಾಡಿಸುವುದು ಕಡಿಮೆ ಅಪಾಯದ ಬಂಡವಾಳವಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧ ಎಂದು ಹೇಳಿ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಈಗ ತೆಲುಗಿನದೋ ತಮಿಳಿನದೋ ಮೂಲ ಚಿತ್ರವೇ ಕನ್ನಡ ಮಾತು ಹಾಕಿಕೊಂಡು ನಮ್ಮ ಮೊಬೈಲಿಗೆ ಬರುತ್ತದೆ. ಅದನ್ನೇ ಮತ್ತೆ ತೆಗೆದರೆ ನೋಡುವವರು ಯಾರು? ಕನ್ನಡದವರು ಸ್ವಂತ ಕಥೆ ಹುಡುಕಲೇಬೇಕಾಯಿತು. ಇದು ಈಗಿನ ಸಿನಿಮಾದ ಜಮಾ ಬದಿಗೆ ಬರೆಯಬೇಕಾದ ಅಂಶ.

ಜಮಾ ಬದಿಯಲ್ಲಿ ಇನ್ನೊಂದಿದೆ, ಭಾಷೆ. ಹಳೆಯ ಚಿತ್ರಗಳಲ್ಲಿ ರೈತನಿಂದ ಹಿಡಿದು ರಾಜನ ತನಕ ಹೆಚ್ಚಿನವರು ಒಂದೇ ತರದ ಪುಸ್ತಕದ ಕನ್ನಡ ಆಡುತ್ತಾರೆ. ಕೇಳಲು ಚೆಂದ. ನನ್ನಂಥ ಉರ್ದು ಮನೆಯವರು ಕನ್ನಡ ಕಲಿಯಲು ಅದರಿಂದ ಉಪಕಾರವೂ ಆಗಿದೆ. ಆದರೆ ಹಾಗೆ ಯಾರೂ ಮಾತಾಡುವುದಿಲ್ಲ. ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಯ ಜನ, ನಟನೆ ಎಂದರೇನೆಂದು ಗೊತ್ತಿಲ್ಲದವರು, ತಮ್ಮ ಮಾತನ್ನೇ ಆಡಿದರು. ಅದಕ್ಕೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಬಂತು. 2022ರ ‘ಕಾಂತಾರ’ ಕರಾವಳಿಯ ಕನ್ನಡದಲ್ಲೇ ಇಡೀ ಕರ್ನಾಟಕವನ್ನು ಗೆದ್ದಿತು. ಮಾತಿನ ವಿಷಯದಲ್ಲಿ ಈಗಿನವರೇ ಹೆಚ್ಚು ಪ್ರಾಮಾಣಿಕರು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಏನೂ ಕಳೆದಿಲ್ಲವೇ? ಕಳೆದಿದೆ. ಅದು ಏನೆಂದು ಹೇಳುವ ಮೊದಲು ಸಿನಿಮಾಕ್ಕೆ ಹಾಕಿದ ಹಣ ಹೇಗೆ ವಾಪಸು ಬರುತ್ತದೆ ಎಂದು ನೋಡಬೇಕು.

ಫಿಲ್ಮಿನ ಕಾಲದಲ್ಲಿ ಒಂದು ರೀಲು ಎಂದರೆ ಸುಮಾರು 1000 ಅಡಿ, ಓಡುವುದು 11 ನಿಮಿಷ. ಎರಡೂಮುಕ್ಕಾಲು ಗಂಟೆಯ ಸಿನಿಮಾಕ್ಕೆ 15 ರೀಲು ಬೇಕು. ಅಷ್ಟೂ ಸೇರಿ ಒಂದು ಪ್ರಿಂಟು. ಪ್ರಿಂಟು ದುಬಾರಿಯಾದ್ದರಿಂದ ನಿರ್ಮಾಪಕ ಕೆಲವನ್ನೇ ಮಾಡಿಸುತ್ತಿದ್ದ. ಅವು ಮೊದಲು ಬೆಂಗಳೂರು, ಮೈಸೂರಿನಂಥ ದೊಡ್ಡ ಊರುಗಳಲ್ಲಿ ಓಡಿ, ನಂತರ ತಗಡಿನ ಡಬ್ಬದಲ್ಲಿ ಬಸ್ಸು, ರೈಲು ಹತ್ತಿ ಸಣ್ಣ ಊರುಗಳಿಗೆ ಬಂದು, ಕೊನೆಗೆ ಗೆರೆ ಬಿದ್ದ ಸ್ಥಿತಿಯಲ್ಲಿ ಟೂರಿಂಗ್ ಟಾಕೀಸಿಗೆ ತಲುಪುತ್ತಿದ್ದವು. ಹಣ ನಿಧಾನವಾಗಿ, ವಾರ ವಾರ ಬರುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಎರಡು ವರ್ಷ ಒಂದೇ ಥಿಯೇಟರು ತುಂಬಬೇಕಾದರೆ ಹುಡುಗರ ಶಿಳ್ಳೆ ಸಾಲದು. ಹುಡುಗರು ನೋಡಿ, ಮನೆಯವರಿಗೆ ಹೇಳಿ, ಮನೆಯವರು ಮಧ್ಯಾಹ್ನದ ಆಟಕ್ಕೆ ಬಂದು, ಅಜ್ಜಿಯನ್ನೂ ಕರೆತರಬೇಕು. ಆದ್ದರಿಂದ ನಿರ್ಮಾಪಕನಿಗೆ ಹೆಂಗಸರು ಬೇಕಾಗಿದ್ದರು. ಈ ವಾಕ್ಯಕ್ಕೆ ಮತ್ತೆ ಬರುತ್ತೇನೆ.

ಈಗ ಪ್ರಿಂಟೇ ಇಲ್ಲ. ಸಿನಿಮಾ ಒಂದೇ ದಿನ ನೂರಾರು ಪರದೆಗಳಿಗೆ ಬರುತ್ತದೆ. ಶುಕ್ರ, ಶನಿ, ಭಾನುವಾರದಲ್ಲಿ ಹಣ ಬಂದರೆ ಬಂತು. ಸೋಮವಾರ ಇನ್ನೊಂದು ಕಾದಿರುತ್ತದೆ, ಸ್ವಲ್ಪ ದಿನಕ್ಕೆ ಓಟಿಟಿಯಲ್ಲಿ ಅದೇ ಸಿಗುತ್ತದೆ. ಮೂರು ದಿನದಲ್ಲಿ ದುಡಿಯಬೇಕಾದ ಬಂಡವಾಳ ಮೊದಲ ದಿನವೇ ಬರುವವರನ್ನು ನೋಡಿ ಸಿನಿಮಾ ಮಾಡಿಸುತ್ತದೆ. ಮೊದಲ ದಿನ ಬರುವವರು ಯಾರು? ಬೈಕಿರುವ, ರಜೆ ಕೇಳಬೇಕಾಗಿಲ್ಲದ ಗಂಡು ಹುಡುಗರು. ಹೀರೋ ಬರುವಾಗ ಅಷ್ಟು ಸದ್ದು, ಅಷ್ಟು ನಿಧಾನದ ನಡಿಗೆ, ಅಷ್ಟು ರಕ್ತ ಏಕೆ ಎಂದು ನಮ್ಮ ಅಮ್ಮಿ ಕೇಳುತ್ತಾರೆ. ಉತ್ತರ ಇಷ್ಟೇ: ಆ ಸಿನಿಮಾವನ್ನು ಅಮ್ಮಿಗಾಗಿ ಮಾಡಿಯೇ ಇಲ್ಲ.

ಈಗ ಹೆಂಗಸರ ವಿಷಯ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ 1967ರ ‘ಬೆಳ್ಳಿ ಮೋಡ’. ಕಾದಂಬರಿ ತ್ರಿವೇಣಿಯವರದು. 1969ರ ‘ಗೆಜ್ಜೆ ಪೂಜೆ’ ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಕಾದಂಬರಿ. 1971ರ ‘ಶರಪಂಜರ’ ಮತ್ತೆ ತ್ರಿವೇಣಿ. 1974ರ ‘ಎರಡು ಕನಸು’, 1975ರ ‘ಶುಭಮಂಗಳ’ ಎರಡೂ ವಾಣಿಯವರವು. 1983ರ ‘ಫಣಿಯಮ್ಮ’ದ ಕಥೆ ಎಂ.ಕೆ. ಇಂದಿರಾ ಅವರದು, ನಿರ್ದೇಶಿಸಿದವರು ಪ್ರೇಮಾ ಕಾರಂತ. ಹೆಂಗಸರು ಬರೆದರು, ಮನೆಮನೆಯ ಹೆಂಗಸರು ಅದನ್ನು ಗ್ರಂಥಾಲಯದಿಂದ ತಂದು ಓದಿದರು, ಅವರೇ ಥಿಯೇಟರಿಗೂ ಬಂದರು. ಕಾದಂಬರಿಯೇ ಒಂದು ಮಾರುಕಟ್ಟೆ ಪರೀಕ್ಷೆಯಾಗಿತ್ತು. ಈಗ ನಿರ್ದೇಶಕನೇ ಕಥೆ ಬರೆಯುತ್ತಾನೆ, ಅವನು ಹೆಚ್ಚಾಗಿ ಗಂಡಸು. ‘ಕೆಜಿಎಫ್’ ಕಥೆಯನ್ನು ಒಬ್ಬ ತಾಯಿಯ ಮಾತೇ ನಡೆಸುತ್ತದೆ, ನಿಜ, ಆದರೆ ಆ ತಾಯಿ ಮೊದಲೇ ತೀರಿಹೋಗಿರುತ್ತಾಳೆ.

‘ಬೆಳ್ಳಿ ಮೋಡ’ವನ್ನು ನಾನು ಚರ್ಚಾಸ್ಪರ್ಧೆಯ ತಯಾರಿಗೆಂದು ಮೊಬೈಲಿನಲ್ಲಿ ಹಾಕಿದ್ದೆ. ಅಮ್ಮಿ ಉರ್ದು ಮಾಧ್ಯಮದಲ್ಲಿ ಓದಿದವರು, ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಎಲ್ಲ ತಿಳಿಯುತ್ತದೆ. ಬೆಳ್ಳುಳ್ಳಿ ಸುಲಿಯುತ್ತಾ ಪಕ್ಕಕ್ಕೆ ಬಂದು ಕೂತರು. ಕಥೆ ಹೀಗಿದೆ. ಇಂದಿರಾ ಸಾಹುಕಾರರ ಒಬ್ಬಳೇ ಮಗಳು. ಮೋಹನ ಎಂಬ ಹುಡುಗನ ಜೊತೆ ಮಾತಾಗುತ್ತದೆ, ಆಕೆಯ ತಂದೆಯ ಹಣದಲ್ಲೇ ಅವನು ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡು ಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ ಮೇಲೆ ಮೋಹನನಿಗೆ ಇಂದಿರಾ ಬೇಡವಾಗುತ್ತಾಳೆ. ಮುಂದೆ ಅವನೇ ಬಿದ್ದು ಪೆಟ್ಟಾಗಿ ಮಲಗಿದಾಗ ಅವಳು ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗಿ, ಮದುವೆಯಾಗೋಣ ಎನ್ನುತ್ತಾನೆ. ನಮಗೆ ಗೊತ್ತಿರುವ ಸಿನಿಮಾ ಲೆಕ್ಕದಲ್ಲಿ ಇಲ್ಲಿ ಹಾಡು ಬಂದು ಶುಭಂ ಎಂದು ಬೀಳಬೇಕು. ಇಂದಿರಾ ಬೇಡ ಎನ್ನುತ್ತಾಳೆ. ದ್ವೇಷದಿಂದಲ್ಲ. ಅವನ ಮೇಲಿದ್ದ ನಂಬಿಕೆ ಹೋಗಿದೆ, ಅಷ್ಟೇ.

ಅಮ್ಮಿ ಬೆಳ್ಳುಳ್ಳಿ ಬಿಟ್ಟು ನೋಡುತ್ತಿದ್ದರು. ಮುಗಿದ ಮೇಲೆ ‘ಅಚ್ಛಾಚ್ ಕರೀ’ ಎಂದರು, ಸರಿಯಾಗಿಯೇ ಮಾಡಿದಳು ಎಂದು. ನಮ್ಮ ಬಳಗದಲ್ಲಿ ಒಬ್ಬ ಆಪಾಗೆ ಹೀಗೇ ಆಗಿತ್ತು. ಗೊತ್ತಾಗಿದ್ದ ರಿಷ್ತಾ ಜಹೇಜ್ ಮಾತಿಗೆ ಮುರಿಯಿತು. ಆರು ತಿಂಗಳ ಮೇಲೆ ಅವರೇ ತಿರುಗಿ ಬಂದರು. ಆಪಾ ಒಪ್ಪಲಿಲ್ಲ. ಹಟಮಾರಿ ಹುಡುಗಿ, ಇಷ್ಟು ಓದಿಸಬಾರದಿತ್ತು ಎಂದು ಎಲ್ಲರೂ ಅಂದರು. ಆ ಎಲ್ಲರಲ್ಲಿ ಅಮ್ಮಿಯೂ ಇದ್ದರು. 1967ರ ಕಪ್ಪುಬಿಳುಪು ಚಿತ್ರ, ಅದರಲ್ಲಿ ನಮ್ಮಂಥ ಮನೆಯೂ ಇಲ್ಲ, ನಮ್ಮ ಭಾಷೆಯೂ ಇಲ್ಲ. ಆದರೂ ಆಪಾ ವಿಷಯದಲ್ಲಿ ಆಗ ಹೇಳದ ಮಾತನ್ನು ಅಮ್ಮಿ ಇಂದಿರಾ ವಿಷಯದಲ್ಲಿ ಹೇಳಿದರು. ಚರ್ಚಾಸ್ಪರ್ಧೆಯಲ್ಲಿ ನಾನು ಇದನ್ನು ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಇದೇ ಎಂದು ಈಗ ಅನ್ನಿಸುತ್ತದೆ.

ಹಳೆಯದನ್ನು ಹೊಗಳುವವರು ಒಂದು ಮಾತಿಗೆ ಉತ್ತರ ಕೊಡಬೇಕು. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಜನ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ, ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಆ ಕಾಲದ ನಾಯಕಿಗೆ ಕಥೆ ಇತ್ತು, ಬಿಡುಗಡೆ ಇರಲಿಲ್ಲ. ‘ಕಾಂತಾರ’ದ ಲೀಲಾ ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿ, ಒಂದು ಕಡೆ ನೌಕರಿ ಇನ್ನೊಂದು ಕಡೆ ಊರು ಎಂದು ಸಿಕ್ಕಿಕೊಳ್ಳುತ್ತಾಳೆ. ಒಳ್ಳೆಯ ಪಾತ್ರ. ಆದರೆ ಅದು ಅವಳ ಸಿನಿಮಾ ಅಲ್ಲ.

ಅವಳದೇ ಸಿನಿಮಾ ಈಗ ಬರುವುದೇ ಇಲ್ಲವೇ ಎಂದರೆ, ಬರುತ್ತದೆ, ನಮ್ಮ ತನಕ ಬರುವುದಿಲ್ಲ. ‘ಶಿವಮ್ಮ ಯರೇಹಂಚಿನಾಳ’ ಎಂಬ ಚಿತ್ರವನ್ನು ನೀವೆಷ್ಟು ಜನ ನೋಡಿದ್ದೀರಿ? ನಿರ್ದೇಶಕ ಜೈಶಂಕರ್ ಆರ್ಯರ್. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಬಡ ಹೆಂಗಸು, ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಸಾಲದಿಂದ ಮೇಲೆ ಬರಬೇಕೆಂದು ಶಕ್ತಿ ಪಾನೀಯ ಮಾರುವ ನೆಟ್‌ವರ್ಕ್ ಮಾರ್ಕೆಟಿಂಗ್ ವ್ಯವಹಾರಕ್ಕೆ ಇಳಿಯುತ್ತಾಳೆ. ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುವ ವ್ಯಾಪಾರದಲ್ಲಿ ಕೆಳಗಿನವರ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ವ್ಯವಹಾರ ಅಧ್ಯಯನದ ಪಾಠಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಉತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ನಮ್ಮ ಊರಿನಲ್ಲಿ ಅದರ ಪೋಸ್ಟರನ್ನೂ ನಾನು ಕಾಣಲಿಲ್ಲ. ಪುಟ್ಟಣ್ಣನವರ ಚಿತ್ರಗಳನ್ನು ‘ಸೇತುವೆ’ ಚಿತ್ರಗಳು ಎನ್ನುತ್ತಿದ್ದರಂತೆ. ಒಂದು ಕಡೆ ಪ್ರಶಸ್ತಿಯ ಸಿನಿಮಾ, ಇನ್ನೊಂದು ಕಡೆ ಶಿಳ್ಳೆಯ ಸಿನಿಮಾ, ಇವೆರಡರ ನಡುವೆ ಹಾಕಿದ ಸೇತುವೆ. ಹಾಡೂ ಇತ್ತು, ಯೋಚನೆಯೂ ಇತ್ತು, ಜನವೂ ಬಂದರು. ಎರಡು ದಡ ಇವತ್ತೂ ಇವೆ, ಎರಡರಲ್ಲೂ ಒಳ್ಳೆಯ ಕೆಲಸಗಾರರಿದ್ದಾರೆ. ಕಳೆದದ್ದು ಸೇತುವೆ. 2025ರ ‘ಸು ಫ್ರಮ್ ಸೋ’ ದೊಡ್ಡ ಹೀರೋ ಇಲ್ಲದೆ, ನಗಿಸುತ್ತಲೇ ಒಬ್ಬ ಹೆಂಗಸಿನ ಕಷ್ಟವನ್ನು ಹೇಳಿ, ಬಾಯಿಂದ ಬಾಯಿಗೆ ಹರಡಿ ಥಿಯೇಟರು ತುಂಬಿಸಿದಾಗ ಸೇತುವೆಗೆ ಒಂದು ಹಲಗೆ ಬಿದ್ದಿತು ಅನ್ನಿಸಿತು. (ಮೊದಲ ಕನ್ನಡ ಟಾಕಿಯಲ್ಲೂ ಸುಲೋಚನಾ, ಇದರಲ್ಲೂ ಸುಲೋಚನಾ! ನೋಡಿದವರಿಗೆ ತಿಳಿಯುತ್ತದೆ.)

ನಮ್ಮ ಕಾಲೇಜಿನವರಾಗಿ ನಾವು ಇನ್ನೊಂದು ಲೆಕ್ಕವನ್ನೂ ಕೇಳಬಹುದು. ಹಳೆಯದೋ ಹೊಸದೋ, ನಾನು ನೋಡಿದ ಹೆಚ್ಚಿನ ಕನ್ನಡ ಸಿನಿಮಾಗಳಲ್ಲಿ ನಮ್ಮಂಥ ಮನೆಯವರು ಬರುವುದು ‘ನಮ್ದೂಕೆ, ನಿಮ್ದೂಕೆ’ ಎಂದು ನಗಿಸಲು, ಇಲ್ಲವೇ ಬಂದೂಕು ಹಿಡಿಯಲು. ಈ ವಿಷಯದಲ್ಲಿ ಆ ಕಾಲಕ್ಕೂ ಈ ಕಾಲಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬೇರೆ ದಾರಿ ತೋರಿಸಿದ್ದು ನಮ್ಮ ಜಿಲ್ಲೆಯವರೇ. ತೀರ್ಥಹಳ್ಳಿ ತಾಲೂಕಿನಲ್ಲಿ ಹುಟ್ಟಿದ ಗಿರೀಶ್ ಕಾಸರವಳ್ಳಿ 2008ರಲ್ಲಿ ವೈದೇಹಿಯವರ ಕಥೆಯಿಂದ ‘ಗುಲಾಬಿ ಟಾಕೀಸು’ ಮಾಡಿದರು. ಅದರಲ್ಲಿ ಉಮಾಶ್ರೀ ಸಿನಿಮಾ ಹುಚ್ಚಿನ ಒಬ್ಬ ಮುಸ್ಲಿಂ ಸೂಲಗಿತ್ತಿ. ಅದಕ್ಕೂ ಮೊದಲು 2004ರಲ್ಲಿ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯಿಂದ ‘ಹಸೀನಾ’ ಮಾಡಿದರು. ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದವಳು ಮುತವಲ್ಲಿಯ ಮುಂದೆ ನಿಂತು ತನ್ನ ಹಕ್ಕು ಕೇಳುತ್ತಾಳೆ. ತಾರಾ ಅವರಿಗೆ ಇದರಿಂದ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು. ಬಾನು ಮುಷ್ತಾಕ್ ಎಂಟು ವರ್ಷದ ಹುಡುಗಿಯಾಗಿದ್ದಾಗ ಶಿವಮೊಗ್ಗದಲ್ಲೇ ಕನ್ನಡ ಶಾಲೆಗೆ ಸೇರಿದವರು, ಉರ್ದು ಮನೆಯಿಂದ ಬಂದವರು. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಕಥೆ ಓದಿದವರು ಎಷ್ಟು, ಸಿನಿಮಾ ನೋಡಿದವರು ಎಷ್ಟು?

ಇದನ್ನು ನೋಡಿದರೆ ನಮ್ಮವರ ಮರ್ಯಾದೆ ಹೋಗುತ್ತದೆ ಎಂದು ಒಬ್ಬ ಗೆಳತಿ ಹೇಳಿದಳು. ಸಂಜೆ ಅಬ್ಬಾಗೆ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಳು ಕೇಳಿದ್ದರಲ್ಲಿ ದೀನಿಗೆ ವಿರುದ್ಧ ಏನಿದೆ? ಕೊಡಬೇಕಾದ್ದನ್ನು ಕೊಡಿ ಅಂತಲ್ವಾ ಕೇಳಿದ್ದು?’ ಎಂದರು. ಆಮೇಲೆ ಎಂದಿನಂತೆ ‘ಆದ್ರೂ ಓಂ ಓಂ ನೇ’ ಎಂದು ಸೇರಿಸಿದರು.

ನಮ್ಮ ಕಾಲೇಜಿನ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇದೆ. ಒಂದು ಶನಿವಾರ ‘ಬೆಳ್ಳಿ ಮೋಡ’, ಮುಂದಿನ ಶನಿವಾರ ‘ಹಸೀನಾ’ ತೋರಿಸಬೇಕು, ತಾಯಂದಿರನ್ನೂ ಕರೆಯಬೇಕು ಎಂದು ನಾವು ಹನ್ನೊಂದು ಜನ ಸಹಿ ಹಾಕಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇವೆ. ಪರೀಕ್ಷೆ ಮುಗಿಯಲಿ, ನೋಡೋಣ ಎಂದಿದ್ದಾರೆ. ಅಮ್ಮಿ ಆಗಲೇ ಎರಡು ಸಲ ತಾರೀಖು ಕೇಳಿದ್ದಾರೆ. ಮಧ್ಯಾಹ್ನ ಒಂದೂವರೆಗೆ ಶುರು ಮಾಡಿದರೆ ನಮಗೆ ಗಾಜನೂರಿನ ಬಸ್ಸೂ ಸಿಗುತ್ತದೆ.